ಅಪ್‌ಡೇಟ್: 147573952589676412927 ಪ್ರೈಮ್ ಅಲ್ಲ, ಆದರೂ ಟೆಸ್ಟ್ ಪಾಸ್ ಆಗಿದ್ದು ಯಾಕೆ?

ಉತ್ತರ ಕೊಟ್ಟ ಎಲ್ಲರಿಗೂ ಥ್ಯಾಂಕ್ಸ್. 2ರ 67ನೇ ಘಾತದಿಂದ 1 ಕಳೆದರೆ ಬರುವ ಈ 21 ಅಂಕಿಯ ಸಂಖ್ಯೆ ಸಂಖ್ಯೆ ಪ್ರೈಮ್ ಇರಬಹುದಾ ಅಂತ ನೋಡುವ ಫರ್ಮಾ ಟೆಸ್ಟ್‌ನಲ್ಲಿ ಪಾಸ್ ಆಗುತ್ತಿದೆ, ಹಾಗಾದರೆ ಪ್ರೈಮ್ ತಾನೇ ಅಂತ ಕೇಳಿದ್ದೆ. ಅಲ್ಲ. ಅದು 193707721 × 761838257287.

ಟೆಸ್ಟ್‌ನಲ್ಲಿ ಆಧಾರ ಸಂಖ್ಯೆಯಾಗಿ 2 ಇಟ್ಟಿದ್ದೇ ಇದಕ್ಕೆ ಕಾರಣ. ನಮ್ಮ ಸಂಖ್ಯೆಯನ್ನು ‘ನ’ ಅನ್ನೋಣ. ಆಧಾರ ಸಂಖ್ಯೆಯ (ನ−1)ನೇ ಘಾತವನ್ನು ‘ನ’ದಿಂದ ಭಾಗಿಸಿದಾಗ ಶೇಷ 1 ಬಂದರೆ ಟೆಸ್ಟ್ ಪಾಸ್. 2ರ 67ನೇ ಘಾತವನ್ನು ‘ನ’ದಿಂದ ಭಾಗಿಸಿದರೆ ಶೇಷ 1, ನ−1 ಅನ್ನೋದು 67ರಿಂದ ಪೂರ್ತಿ ಭಾಗವಾಗುತ್ತದೆ, ಹಾಗಾಗಿ 2ರ (ನ−1)ನೇ ಘಾತಕ್ಕೂ ಶೇಷ 1 ಬರಲೇಬೇಕು. ಘಾತ ಪ್ರೈಮ್ ಆಗಿರುವ ಮರ್ಸೆನ್ ಸಂಖ್ಯೆಗಳೆಲ್ಲ (2ರ ಘಾತದಿಂದ 1 ಕಳೆದರೆ ಬರುವವು) ಹೀಗೇ ಪಾಸ್ ಆಗುತ್ತವೆ, ಅಂದರೆ ಇಲ್ಲಿ ಈ ಟೆಸ್ಟ್ ಸುಮ್ನೆ! ಮರ್ಸೆನ್ ಸಂಖ್ಯೆಗಳಿಗೆಂದೇ ಇರುವ ಲೂಕಾಸ್–ಲೆಹ್ಮರ್ ಟೆಸ್ಟ್ ಹಾಕಿದರೆ ತಕ್ಷಣ ಸಿಕ್ಕಿಬೀಳುತ್ತದೆ.

ಇನ್ನೊಂದು ಮಜಾ. ಇದರ ಯಾವ ಅಪವರ್ತನದಿಂದ 1 ಕಳೆದರೂ 134ರಿಂದ ಭಾಗವಾಗುತ್ತದೆ: 193707720 = 134 × 1445580. ಗಣಿತಜ್ಞ ಲೂಕಾಸ್ 1876ರಲ್ಲೇ ಇದು ಪ್ರೈಮ್ ಅಲ್ಲ ಎಂದು ತೋರಿಸಿದ್ದರು, ಅಪವರ್ತನ ಸಿಕ್ಕಿದ್ದು ಮಾತ್ರ 1903ರಲ್ಲಿ, ಗಣಿತಜ್ಞ ಕೋಲ್ ಅವರಿಗೆ.