ಪಿಕಪ್ ಗಾಡಿಗೆ ತಾಡಪತ್ರಿಯೋ, ಹುಡ್ಡೋ, ಗಟ್ಟಿ ಮುಚ್ಚಳವೋ?

ಕೇಳಿದವರು, ಆಳಂದ:

ಅಣ್ಣಂದಿರೇ, ಹಳೆಯ ಬೊಲೆರೊ ಪಿಕಪ್ ಒಂದು ಕೊಂಡಿದ್ದೇನೆ, 9 ಅಡಿ ಬಾಡಿ. ಊರಿನಿಂದ ಕಲಬುರಗಿಯ ಕಾಳಿನ ಮಾರುಕಟ್ಟೆ ಗಂಜ್‌ಗೆ ತೊಗರಿ, ಹೆಸರು, ಉದ್ದು ಒಯ್ಯುವುದೇ ಮುಖ್ಯ ಕೆಲಸ. ನಡುವೆ ತರಕಾರಿ, ಯಾರಾದರೂ ಮನೆ ಬದಲಾಯಿಸಿದರೆ ಸಾಮಾನು. ಮೇಲೆ ಏನು ಹಾಕಲಿ? ಪ್ಲಾಸ್ಟಿಕ್ ತಾಡಪತ್ರಿ ಸಾಕು ಅಂತ ಒಬ್ಬರು, ಬಾಡಿ ಮೇಲೆ ಕಮಾನು ಹೊಡೆಸಿ ಅದಕ್ಕೆ ಹೊದಿಕೆ ಬಿಗಿದ ಹುಡ್ ಹಾಕು ಅಂತ ಇನ್ನೊಬ್ಬರು. ಹೈದರಾಬಾದ್‌ನಲ್ಲಿ ದೊಡ್ಡ ಪಿಕಪ್‌ಗಳ ಮೇಲೆ ಸುತ್ತಿಕೊಳ್ಳುವ ಅಲ್ಯುಮಿನಿಯಂ ಮುಚ್ಚಳ ನೋಡಿದೆ, ಅದೂ ಮನಸ್ಸಿನಲ್ಲಿದೆ. ಬಳಸಿದವರು ಹೇಳಿ.

ಕಲಬುರಗಿ, ಗಂಜ್‌ಗೆ ಮಾಲು ಹಾಕುವವರು:

ತಮ್ಮಾ, ಮೊದಲು ಇದೊಂದು ನೋಡಿಕೋ. ಹೊದಿಕೆ ಎಷ್ಟೇ ಚೆನ್ನಾಗಿರಲಿ, ನೀನೊಬ್ಬನೇ ನಿಂತು ಕಟ್ಟಲು ಆಗಬೇಕು. ಇಲ್ಲದಿದ್ದರೆ ಅದು ಸೀಟಿನ ಹಿಂದೆಯೇ ಬಿದ್ದಿರುತ್ತದೆ, ಮಾಲು ನೆನೆಯುತ್ತದೆ. ಎಲ್ಲ ಲೋಡಿಗೂ ಜೊತೆಗೊಬ್ಬ ಹುಡುಗ ಇರುವುದಿಲ್ಲ ಅಲ್ವಾ?

ನಮ್ಮ ಕಡೆ ಎಲ್ಲರೂ ಮಳೆಗೆ ಹೆದರಿ ತಾಡಪತ್ರಿ ಕೊಳ್ಳುತ್ತಾರೆ. ಅದನ್ನು ಹಾಳು ಮಾಡುವುದು ಮಾತ್ರ ಬಿಸಿಲು. ಏಪ್ರಿಲ್, ಮೇ ತಿಂಗಳಲ್ಲಿ 42 ಡಿಗ್ರಿ ದಾಟುವ ಊರು ನಮ್ಮದು. ತೆಳು ಪ್ಲಾಸ್ಟಿಕ್ ತಾಡಪತ್ರಿ ಒಂದು ಬೇಸಿಗೆ ಗಾಡಿಯ ಮೇಲೆ ಕಳೆದರೆ ಮಡಿಕೆ ಇದ್ದಲ್ಲಿ ಬಿರುಕು ಬಿಡುತ್ತದೆ. ಕೈಯಲ್ಲಿ ತಿಕ್ಕಿದರೆ ಬಿಳಿ ಪುಡಿ ಉದುರುತ್ತದೆ. ಹಾಗೆ ಪುಡಿ ಬಂತು ಅಂದರೆ ಅದರ ಕೆಲಸ ಮುಗಿಯಿತು, ಇನ್ನೊಂದು ಮಳೆಗೆ ನಂಬಬೇಡ. ಕೊಳ್ಳುವಾಗ ಬಿಸಿಲು ತಡೆಯುವ ಯುವಿ ಮಾಲು ಹೌದೋ ಅಲ್ಲವೋ ಅಂತ ಕೇಳಿಯೇ ಕೊಳ್ಳಬೇಕು.

ಅಂಗಡಿಯಲ್ಲಿ ಜಿಎಸ್‌ಎಂ ಅಂತ ಒಂದು ಅಂಕಿ ಹೇಳುತ್ತಾರೆ. ಒಂದು ಚದರ ಮೀಟರ್ ತಾಡಪತ್ರಿ ಎಷ್ಟು ಗ್ರಾಂ ತೂಗುತ್ತದೆ ಅನ್ನುವ ಲೆಕ್ಕ ಅದು. ಬಾಯಿಮಾತು ನಂಬುವುದು ಬೇಡ, ತಕ್ಕಡಿ ಮೇಲೆ ಇಡಿಸು. 12 ಅಡಿಗೆ 18 ಅಡಿ ಅಂದರೆ 216 ಚದರ ಅಡಿ, ಹೆಚ್ಚುಕಡಿಮೆ 20 ಚದರ ಮೀಟರ್. 200 ಜಿಎಸ್‌ಎಂ ಅಂತ ಹೇಳಿದರೆ ಅದು 4 ಕೆಜಿ ತೂಗಬೇಕು. 3 ಕೆಜಿ ಬಂತೋ, ಅದು 150ರ ಮಾಲು. ಈ ಲೆಕ್ಕ ಗೊತ್ತಿರುವ ಗಿರಾಕಿಗೆ ಅಂಗಡಿಯವರು ಸರಿಯಾದ ಮಾಲನ್ನೇ ತೆಗೆದು ತೋರಿಸುತ್ತಾರೆ.

ಕಾಳಿನ ಲೋಡಿಗೆ ನನ್ನ ಆಯ್ಕೆ ಪಿವಿಸಿ ಲೇಪನದ ತಾಡಪತ್ರಿ, 500 ಜಿಎಸ್‌ಎಂ ಮೇಲಿನದು. ಒಳಗೆ ಪಾಲಿಯೆಸ್ಟರ್ ನೇಯ್ಗೆ ಇರುತ್ತದೆ, ಜೋಡಣೆಯನ್ನು ಬಿಸಿಯಲ್ಲಿ ಅಂಟಿಸಿರುತ್ತಾರೆ, ಹಾಗಾಗಿ ಸೂಜಿ ತೂತಿನಿಂದ ನೀರು ಇಳಿಯುವ ತೊಂದರೆ ಇಲ್ಲ. ಭಾರ ಮಾತ್ರ ಜಾಸ್ತಿ. ಅದೇ ಅಳತೆ 550 ಜಿಎಸ್‌ಎಂನಲ್ಲಿ 11 ಕೆಜಿ. ಕೆಳಗೆ ನಿಂತು ಎಸೆಯಲು ಹೋದರೆ ಭುಜ ಬಿದ್ದುಹೋಗುತ್ತದೆ. ಅದನ್ನು ಸುರುಳಿ ಸುತ್ತಿ ಕ್ಯಾಬಿನ್ ಹಿಂದಿನ ಕಂಬಿಯ ಮೇಲೆ ಕಟ್ಟಿಡು. ಲೋಡ್ ಆದ ಮೇಲೆ ಚೀಲದ ಮೇಲೆ ಹತ್ತಿ ಹಿಂದಕ್ಕೆ ಬಿಚ್ಚುತ್ತಾ ಬಂದರೆ ಒಬ್ಬನೇ ಹಾಕಬಹುದು.

ತಾಡಪತ್ರಿಯ ಅಳತೆಯನ್ನು ಬಾಡಿ ನೋಡಿ ಅಲ್ಲ, ಲೋಡ್ ನೋಡಿ ಹಿಡಿಯಬೇಕು. ನಿನ್ನ ಗಾಡಿ ಅಗಲ ಸುಮಾರು ಐದೂವರೆ ಅಡಿ. ಚೀಲ ಪಕ್ಕದ ತಗಡಿನಿಂದ ಎರಡೂವರೆ ಅಡಿ ಮೇಲೆ ಬಂತು ಅಂದುಕೋ. ಎರಡು ಕಡೆಗೆ ಐದಡಿ, ತಗಡಿನ ಹೊರಗೆ ಇಳಿಬೀಳಲು ಇನ್ನೆರಡು. ಅಲ್ಲಿಗೆ ಹನ್ನೆರಡೂವರೆ. ಉದ್ದಕ್ಕೂ ಇದೇ ಲೆಕ್ಕ ಹಾಕಿದರೆ 16. ರೆಡಿ ಸಿಗುವ 12×18 ಸ್ವಲ್ಪ ಬಿಗಿಯಾದರೂ ನಡೆಯುತ್ತದೆ. 12×15 ತೊಗೊಂಡರೆ ಹಿಂದಿನ ಡೋರಿನ ಹತ್ತಿರ ಕೊನೆಯ ಸಾಲಿನ ಚೀಲ ಬಯಲಿಗೆ ಬೀಳುತ್ತದೆ, ನೆನೆಯುವುದು ಅದೇ ಸಾಲು. ಬೆಂಬಲ ಬೆಲೆ ಖರೀದಿಯಲ್ಲಿ ತೊಗರಿಯ ತೇವ 12 ಪರ್ಸೆಂಟ್ ದಾಟಬಾರದು. ರೈತ ಒಣಗಿಸಿ ಕೊಟ್ಟ ಕಾಳನ್ನು ದಾರಿಯಲ್ಲಿ ನಾವು ನೆನೆಸಿದರೆ ಅವನ ವರ್ಷದ ದುಡಿಮೆಗೆ ಪೆಟ್ಟು.

ಕಮಲಾಪುರ, ಬಾಳೆ ಮತ್ತು ತರಕಾರಿ ಲೋಡಿನವರು:

ಮೇಲಿನವರು ಹೇಳಿದ್ದು ಕಾಳಿಗೆ ಸರಿ. ತರಕಾರಿಗೆ ಆ ಪಿವಿಸಿ ಹಾಕಿದರೆ ಮಾಲು ಬೇಯುತ್ತದೆ. ನಮ್ಮ ಕೆಂಪು ಬಾಳೆ ಗೊನೆಗಳನ್ನು ಮಧ್ಯಾಹ್ನದ ಹೊತ್ತು ಗಾಳಿಯಾಡದಂತೆ ಮುಚ್ಚಿ ಒಯ್ದರೆ ಸಿಪ್ಪೆಯ ಬಣ್ಣವೇ ಕೆಡುತ್ತದೆ. ಕೊತ್ತಂಬರಿ, ಮೆಂತ್ಯದ ಕಟ್ಟಿನ ಒಳಗೆ ಕೈ ಹಾಕಿ ನೋಡಿ, ಬಿಸಿ ಬಿಸಿ ಇರುತ್ತದೆ. ಸೊಪ್ಪು ಕಿತ್ತ ಮೇಲೂ ಉಸಿರಾಡುತ್ತದೆ, ಆ ಕಾವು ಹೊರಗೆ ಹೋಗಬೇಕು.

ನಾವು ಹಾಕುವುದು ಹಸಿರು ಶೇಡ್ ನೆಟ್, ನರ್ಸರಿಗೆ ಹಾಕುತ್ತಾರಲ್ಲ ಅದೇ. ಬಿಸಿಲು ತಡೆಯುತ್ತದೆ, ಗಾಳಿ ಬಿಡುತ್ತದೆ, ತೂಕ ಏನೂ ಇಲ್ಲ. ಸಾಧ್ಯವಾದರೆ ನೆಟ್ಟಿಗೂ ಮಾಲಿಗೂ ನಡುವೆ ಒಂದು ಗೇಣು ಜಾಗ ಬಿಡಿ, ಅಡ್ಡಕ್ಕೆ ಎರಡು ಬಿದಿರು ಕಟ್ಟಿದರೆ ಸಾಕು. ಮೋಡ ಕಂಡರೆ ಮಾತ್ರ ಮೇಲೊಂದು ತೆಳು ತಾಡಪತ್ರಿ. ಆಗಲೂ ಹಿಂದಿನ ಕಡೆ ಪೂರ್ತಿ ಕಟ್ಟಬೇಡಿ.

ಶಹಾಪುರ, ಯಾದಗಿರಿ ಜಿಲ್ಲೆ:

ಹುಡ್ ನನ್ನ ಗಾಡಿಯ ಮೇಲಿದೆ, ಅದರ ಬಗ್ಗೆ ಹೇಳುತ್ತೇನೆ. ಕಿರಾಣಿ, ಬಟ್ಟೆ ಗಂಟು, ಔಷಧಿ ಪೆಟ್ಟಿಗೆ ಇಂಥ ಮಾಲಿಗೆ ಹುಡ್‌ನಷ್ಟು ಸುಖ ಬೇರೆ ಇಲ್ಲ. ಲೋಡ್ ಮಾಡಿದೆ, ಹಿಂದಿನ ಪರದೆ ಇಳಿಸಿದೆ, ಹೊರಟೆ. ಹಗ್ಗದ ಗೊಡವೆಯೇ ಇಲ್ಲ. ಆದರೆ ಹತ್ತಿ ತುಂಬುವವರಿಗೆ ಅದು ಅಡ್ಡಿ. ಹತ್ತಿ ಉಬ್ಬುತ್ತದೆ, ಕಮಾನಿನ ಒಳಗೆ ತೂಕ ಕೂರುವುದಿಲ್ಲ. ಎತ್ತರದ ಕಪಾಟು, ಫ್ರಿಜ್ ನಿಲ್ಲಿಸಲು ಕೂಡ ಕಮಾನು ತಗಲುತ್ತದೆ.

ಕಮಾನನ್ನು ವೆಲ್ಡಿಂಗ್ ಮಾಡಿಸಬೇಡಿ. ಬಾಡಿಯ ಪಕ್ಕಕ್ಕೆ ಪೈಪಿನ ತುಂಡು ಕೂರಿಸಿ ಅದರೊಳಗೆ ಕಮಾನಿನ ಕಾಲು ಇಳಿಯುವಂತೆ ಮಾಡಿಸಿ, ಒಂದು ಪಿನ್ ಹಾಕಿದರೆ ಗಟ್ಟಿ. ಬೇಡವಾದಾಗ ಕಿತ್ತು ಮನೆಯಲ್ಲಿ ಇಡಬಹುದು. ಇನ್ನೊಂದು ಕಾರಣವೂ ಇದೆ. ತೆರೆದ ಗಾಡಿಯನ್ನು ಕಾಯಂ ಮುಚ್ಚಿದ ಬಾಡಿ ಮಾಡಿದರೆ ಅದು 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಕೆಳಗೆ ಬರುವ ಬದಲಾವಣೆ. ಆರ್‌ಟಿಒ ಒಪ್ಪಿಗೆ ಬೇಕು, ಆರ್‌ಸಿಯಲ್ಲಿ ನಮೂದಾಗಬೇಕು. ಹಾಗೆಯೇ ತಾಡಪತ್ರಿ ಇದೆ ಅಂತ ಮಾಲನ್ನು ಬಾಡಿಯಿಂದ ಹೊರಗೆ ಚಾಚಬೇಡಿ. 2019ರ ತಿದ್ದುಪಡಿಯ ಮೇಲೆ ಅದಕ್ಕೆ 20,000 ರೂಪಾಯಿ ದಂಡ.

ಕಮಾನುಗಳ ನಡುವೆ ಉದ್ದಕ್ಕೆ ಒಂದು ಪಟ್ಟಿ ಇರಲೇಬೇಕು, ಮಧ್ಯದ ಕಮಾನು ಸ್ವಲ್ಪ ಎತ್ತರ ಇರಬೇಕು. ಇಲ್ಲದಿದ್ದರೆ ನಡುವೆ ನೀರು ನಿಂತು ಹೊಟ್ಟೆ ಬಿಡುತ್ತದೆ, ಮರುದಿನ ಅಲ್ಲೇ ಹರಿಯುತ್ತದೆ.

ಬೀದರ್, ಇಸುಜು ವಿ-ಕ್ರಾಸ್ ಪಿಕಪ್ ಇಟ್ಟುಕೊಂಡವರು:

ಸುತ್ತುವ ಅಲ್ಯುಮಿನಿಯಂ ಮುಚ್ಚಳ ನನ್ನಲ್ಲಿದೆ. ಜಹೀರಾಬಾದ್ ದಾಟಿ ಹೈದರಾಬಾದ್‌ಗೆ ಹೋಗಿ ಬರುವಾಗ ಬ್ಯಾಗು, ಪಂಪ್‌ಸೆಟ್, ತೋಟದ ಸಾಮಾನು ಒಳಗಿಟ್ಟು ಬೀಗ ಹಾಕುತ್ತೇನೆ. ಊಟಕ್ಕೆ ಇಳಿದಾಗ ಮನಸ್ಸಿಗೆ ನೆಮ್ಮದಿ. ಕಳ್ಳತನದ ಭಯ ಇದ್ದವರಿಗೆ ಇದು ನಿಜವಾಗಲೂ ಒಳ್ಳೆಯದು.

ಆದರೆ ತಮ್ಮಾ, ನಿನ್ನ ಕೆಲಸಕ್ಕೆ ಇದು ಬೇಡ. ಮುಚ್ಚಳ ಬಾಡಿಯ ಅಂಚಿನ ಮಟ್ಟಕ್ಕೇ ಇರುತ್ತದೆ, ಅದರ ಮೇಲೆ ಒಂದು ಚೀಲವೂ ಏಳುವ ಹಾಗಿಲ್ಲ. ಸುತ್ತಿಕೊಳ್ಳುವ ಪೆಟ್ಟಿಗೆ ಕ್ಯಾಬಿನ್ ಕಡೆ ಜಾಗ ತಿನ್ನುತ್ತದೆ. ನನ್ನದು ಐದಡಿ ಹತ್ತಿರದ ಸಣ್ಣ ಬಾಡಿ, ಅದರಲ್ಲೂ ಆ ಜಾಗ ಹೋಗುತ್ತದೆ.

ಇಂಥ ಗಾಡಿ ಇರುವ ಬೇರೆಯವರಿಗಾಗಿ ಎರಡು ಮಾತು. ಬಾಡಿಯ ಒಳಗೆ ಹಾಸುವ ಪ್ಲಾಸ್ಟಿಕ್ ಲೈನರ್ ಅಂಚಿನ ಮೇಲೆ ಬಂದು ಕೂರುವಂಥದ್ದಾದರೆ ಮುಚ್ಚಳದ ಕ್ಲಾಂಪ್ ಸರಿಯಾಗಿ ಹಿಡಿಯುವುದಿಲ್ಲ, ಅಂಚಿನ ಕೆಳಗೆ ನಿಲ್ಲುವ ಲೈನರ್ ಬೇಕು. ಕ್ಯಾಬಿನ್ ಹಿಂದೆ ಬಾಡಿಯ ಮೇಲೆ ನಿಲ್ಲಿಸುವ ಕಂಬಿ, ಅಂದರೆ ಸ್ಪೋರ್ಟ್ಸ್ ಬಾರ್ ಇದ್ದರೆ ಅದಕ್ಕೆ ಹೊಂದುವ ಮುಚ್ಚಳವೇ ಆಗಬೇಕು. ಇನ್ನು ಧೂಳು. ಮುಚ್ಚಳ ಹಾಕಿದರೆ ಧೂಳು ಬರುವುದಿಲ್ಲ ಅಂದುಕೊಳ್ಳಬೇಡಿ. ಓಡುವ ಗಾಡಿಯ ಹಿಂದೆ ಗಾಳಿ ಒತ್ತಡ ಕಡಿಮೆ ಆಗಿ ಧೂಳು ಸುಳಿಯುತ್ತದೆ, ಹಿಂದಿನ ಡೋರಿನ ಸಂದಿಯಿಂದ ಒಳಗೆ ನುಗ್ಗುತ್ತದೆ. ಸೇಡಂ, ವಾಡಿ ಕಡೆ ಸಿಮೆಂಟ್ ಲಾರಿಗಳ ಹಿಂದೆ ಓಡಾಡುವವರು ಡೋರಿನ ಸುತ್ತ ರಬ್ಬರ್ ಬೀಡಿಂಗ್ ಹಾಕಿಸಲೇಬೇಕು. ಮುಚ್ಚಳದ ಮೂಲೆಯಲ್ಲಿ ನೀರು ಹೋಗುವ ಸಣ್ಣ ಪೈಪುಗಳಿರುತ್ತವೆ. ಬೇಸಿಗೆಯ ಧೂಳು ಅಲ್ಲಿ ಕಟ್ಟಿಕೊಂಡರೆ ಮೊದಲ ಮಳೆಯ ನೀರೆಲ್ಲ ಒಳಗೆ. ಮಳೆಗಾಲಕ್ಕೆ ಮುಂಚೆ ಊದಿ ಸ್ವಚ್ಛ ಮಾಡಿಕೊಳ್ಳಿ.

ಕಲಬುರಗಿ, ತಾಡಪತ್ರಿ ಹೊಲಿಯುವವರು:

ಅಂಚು ನೋಡಿ ಕೊಳ್ಳಿ. ಒಳಗೆ ಹಗ್ಗ ಇಟ್ಟು ಮಡಚಿ ಹೊಲಿದ ಅಂಚು ಬೇಕು, ಬರೀ ಮಡಚಿದ್ದು ನಿಲ್ಲುವುದಿಲ್ಲ. ಹಗ್ಗ ಪೋಣಿಸುವ ತೂತಿನ ಬಳೆ, ಅಂದರೆ ಐಲೆಟ್, ಹಿತ್ತಾಳೆಯದು ಹಾಕಿಸಿ, ಮೂಲೆಗಳಲ್ಲಿ ಇನ್ನೊಂದು ಪದರ ಕೊಡಿಸಿ. ನನ್ನ ಹತ್ತಿರ ರಿಪೇರಿಗೆ ಬರುವ ತಾಡಪತ್ರಿಗಳು ಹೆಚ್ಚಾಗಿ ಎರಡೇ ಕಡೆ ಹರಿದಿರುತ್ತವೆ, ಮೂಲೆಯ ಐಲೆಟ್ ಮತ್ತು ಬಾಡಿಯ ಅಂಚಿಗೆ ಉಜ್ಜುವ ಜಾಗ. ಆ ಅಂಚಿನ ಮೇಲೆ ಹಳೇ ಟ್ಯೂಬ್ ಸೀಳಿ ಹಾಕಿದರೆ ಉಜ್ಜುವುದು ನಿಲ್ಲುತ್ತದೆ.

ಕೇಳಿದವರು, ಆಳಂದ:

ಎಲ್ಲರಿಗೂ ತುಂಬಾ ಧನ್ಯವಾದ. ಮುಚ್ಚಳದ ಆಸೆ ಬಿಟ್ಟೆ. ಗಂಜ್‌ನ ಅಣ್ಣಾ, ಕಟ್ಟುವುದು ಹೇಗೆ ಅಂತಲೂ ಹೇಳಿ. ಖಾಲಿ ರಸ್ತೆಯಲ್ಲಿ ಸ್ಪೀಡ್ ಹೋದರೆ ತಾಡಪತ್ರಿ ಪಟಪಟ ಹೊಡೆದುಕೊಳ್ಳುತ್ತದೆ.

ಕಲಬುರಗಿ, ಗಂಜ್‌ಗೆ ಮಾಲು ಹಾಕುವವರು:

ಹೊಡೆದುಕೊಳ್ಳುತ್ತಿದೆ ಅಂದರೆ ಮುಂದಿನಿಂದ ಗಾಳಿ ನುಗ್ಗುತ್ತಿದೆ. ಮೊದಲು ಕ್ಯಾಬಿನ್ ಕಡೆಯ ಅಂಚನ್ನು ಕೆಳಗೆ ಎಳೆದು ಬಿಗಿ. ಮೂಲೆಯಲ್ಲಿ ಹೆಚ್ಚಾಗಿ ಉಳಿಯುವ ಕಿವಿಯನ್ನು ಪಕ್ಕಕ್ಕೆ ತಿರುಗಿಸಿ ಹಿಂದಕ್ಕೆ ಮಡಚು, ಮಡಿಕೆಯ ಬಾಯಿ ಹಿಂದಕ್ಕೆ ಇರಬೇಕು. ಎರಡು ತಾಡಪತ್ರಿ ಹಾಕುವುದಿದ್ದರೆ ಹಿಂದಿನದನ್ನು ಮೊದಲು ಹಾಸು, ಮುಂದಿನದು ಅದರ ಮೇಲೆ ಬರಲಿ. ಮನೆಯ ಹೆಂಚು ಹೊದಿಸುವ ಕ್ರಮವೇ. ಐಲೆಟ್‌ಗೆ ಕಟ್ಟಿದ್ದು ಸಾಲದು, ಮೇಲಿನಿಂದ ಅಡ್ಡಡ್ಡ ಹಗ್ಗ ಹಾಯಿಸಿ ಕೊಂಡಿಗಳಿಗೆ ಬಿಗಿಯಬೇಕು. ನೈಲಾನ್ ಹಗ್ಗ ನೆನೆದರೆ ಸಡಿಲ ಆಗುತ್ತದೆ, ಹತ್ತು ಹದಿನೈದು ಕಿಲೋಮೀಟರ್ ಹೋದ ಮೇಲೆ ಇಳಿದು ಒಮ್ಮೆ ಎಳೆದು ನೋಡು. ಗಾಡಿ ಕೆಳಗಿನ ಬ್ರೇಕ್ ಪೈಪು, ಸೈಲೆನ್ಸರ್ ಹತ್ತಿರ ಹಗ್ಗ ಹೋಗಬಾರದು. ಹಿಂದಿನ ಲೈಟು, ನಂಬರ್ ಪ್ಲೇಟ್ ಮುಚ್ಚಬಾರದು.

ನಿನಗೆ ಬೇಕಾಗುವುದು ಒಂದು ಪಿವಿಸಿ 12×18, ಒಂದು ಶೇಡ್ ನೆಟ್, ಅಷ್ಟೇ. ಹುಡ್ ಆಮೇಲೆ ನೋಡಿಕೊಳ್ಳಬಹುದು, ಕಿರಾಣಿ ಬಾಡಿಗೆ ಜಾಸ್ತಿ ಸಿಕ್ಕರೆ. ಹೆಸರು, ಉದ್ದಿನ ಸುಗ್ಗಿ ಬರುವುದೇ ಮಳೆ ಜೋರಿರುವ ಆಗಸ್ಟ್, ಸೆಪ್ಟೆಂಬರ್‌ನಲ್ಲಿ, ಅದಕ್ಕೆ ಮುಂಚೆ ತೊಗೊಂಡುಬಿಡು. ನೆನೆದ ತಾಡಪತ್ರಿಯನ್ನು ಹಾಗೇ ಮಡಚಿಡಬೇಡ, ವಾಸನೆ ಹಿಡಿದು ಮುಂದಿನ ಲೋಡಿಗೂ ಹತ್ತುತ್ತದೆ. ಗಂಜ್ ಕಡೆ ಬಂದಾಗ ಗಾಡಿ ತೋರಿಸು, ಟೇಪು ಹಿಡಿದು ಅಳತೆ ತೆಗೆದುಕೊಡುತ್ತೇನೆ.