ಅವಿಭಾಜ್ಯ ಸಂಖ್ಯೆ ಆಟದಲ್ಲೇ ಅರ್ಥವಾಗುವಂಥ ಒಗಟು ಇದೆಯಾ?

ಪ್ರಶ್ನೆ: ಮಗಳು ಐದನೇ ಕ್ಲಾಸು. 2, 3, 5, 7 ಅಂತ ಬಾಯಿಪಾಠ ಒಪ್ಪಿಸುತ್ತಾಳೆ. 51 ಯಾಕಲ್ಲ, 53 ಯಾಕೆ ಹೌದು ಅಂದರೆ ಸುಮ್ಮನಾಗುತ್ತಾಳೆ. 1 ಅವಿಭಾಜ್ಯವೂ ಅಲ್ಲ, ಸಂಯುಕ್ತವೂ ಅಲ್ಲ ಅನ್ನೋದನ್ನಂತೂ ಒಪ್ಪುವುದೇ ಇಲ್ಲ. ಆಟವಾಡಿಸಿ ಕಲಿಸಿದವರು ಅನುಭವ ಹಂಚಿಕೊಳ್ಳಿ.

ಉತ್ತರ: ನಾನು ಮಕ್ಕಳಿಗೆ ಲೆಕ್ಕ ಹೇಳಿಕೊಡುತ್ತೇನೆ. ವ್ಯಾಖ್ಯೆ ಆಮೇಲೆ, ಮೊದಲು ನಾಣ್ಯದಾಟ. 20 ನಾಣ್ಯ ಸಾಲಾಗಿ ಇಡಿ, ಎಲ್ಲದರ ಒಂದೇ ಬದಿ ಮೇಲಿರಲಿ. ಕೆಳಗೆ 1ರಿಂದ 20 ಬರೆಯಿರಿ. ಮೊದಲ ಸುತ್ತಿನಲ್ಲಿ ಎಲ್ಲವನ್ನೂ ಮಗುಚಬೇಕು. ಎರಡನೇ ಸುತ್ತಿನಲ್ಲಿ 2, 4, 6... ಮೂರನೆಯದರಲ್ಲಿ 3, 6, 9... ಹೀಗೆ 20 ಸುತ್ತು. ಮಗುಚಿದಾಗಲೆಲ್ಲ ಆ ನಂಬರಿನ ಕೆಳಗೆ ಒಂದು ಚುಕ್ಕಿ. ಕೊನೆಗೆ ಯಾವ ನಾಣ್ಯಗಳ ಬದಿ ಬದಲಾಗಿರುತ್ತದೆ ಅಂತ ಮೊದಲೇ ಊಹಿಸಲು ಹೇಳಿ.

ಬದಲಾಗಿ ಉಳಿಯುವುದು 1, 4, 9, 16 ಮಾತ್ರ. ಮಕ್ಕಳಿಗೆ ಇದೇ ದೊಡ್ಡ ಅಚ್ಚರಿ. ಆದರೆ ನನಗೆ ಇಷ್ಟ ಆ ಚುಕ್ಕಿಗಳು. 12ರ ಕೆಳಗೆ ಆರು ಚುಕ್ಕಿ ಇರುತ್ತವೆ: 1, 2, 3, 4, 6, 12ನೇ ಸುತ್ತಿನವು. ಅವೇ ಅದರ ಅಪವರ್ತನಗಳು ಅಲ್ವಾ! 13ರ ಕೆಳಗೆ ಎರಡೇ. ಒಂದನೇ ಸುತ್ತಿನಲ್ಲಿ ಮುಟ್ಟಿದ್ದು, ಆಮೇಲೆ ಅದರದೇ ಸುತ್ತಿನಲ್ಲಿ. ಸರಿಯಾಗಿ ಎರಡು ಚುಕ್ಕಿ ಇರುವವಕ್ಕೆಲ್ಲ ಸುತ್ತು ಹಾಕಿಸಿ: 2, 3, 5, 7, 11, 13, 17, 19. ಅವೇ ಅವಿಭಾಜ್ಯ. ಎರಡಕ್ಕಿಂತ ಜಾಸ್ತಿ ಇದ್ದರೆ ಸಂಯುಕ್ತ. 1ಕ್ಕೆ ಒಂದೇ ಚುಕ್ಕಿ. ಅದು ಯಾವ ಗುಂಪಿಗೆ ಅಂತ ಆಗ ಮಗಳನ್ನೇ ಕೇಳಿ, ನೀವು ಹೇಳಬೇಡಿ.

ಇನ್ನೊಬ್ಬರು: ನನ್ನ ಮಗನಿಗೆ ಅಷ್ಟು ಸುತ್ತು ಕೂರುವ ತಾಳ್ಮೆ ಇಲ್ಲ. ಕಾಳುಗಳನ್ನು ಸಮ ಸಾಲುಗಳಲ್ಲಿ ಜೋಡಿಸಲು ಕೊಡುತ್ತೇನೆ. 12 ಕಾಳು 3 ಸಾಲಿಗೂ ಆಗುತ್ತದೆ, 4 ಸಾಲಿಗೂ ಆಗುತ್ತದೆ. 13 ಏನು ಮಾಡಿದರೂ ಒಂದೇ ಉದ್ದ ಸಾಲು.

ಮತ್ತೊಬ್ಬರು: ಇವೆರಡೂ ಆದಮೇಲೆ ಈ ಒಗಟು ಕೊಡಿ. ‘ನಾನೊಂದು ಎರಡಂಕಿಯ ಅವಿಭಾಜ್ಯ ಸಂಖ್ಯೆ. ನನ್ನ ಅಂಕಿಗಳನ್ನು ಕೂಡಿದರೆ 10. ತಿರುಗಿಸಿ ಬರೆದರೂ ಅವಿಭಾಜ್ಯ. ಬಿಡಿ ಸ್ಥಾನದ ಅಂಕಿ ದೊಡ್ಡದು. ನಾನ್ಯಾರು?’ ಹೆಚ್ಚಿನ ಮಕ್ಕಳು 19 ಅಂತಾರೆ. ತಿರುಗಿಸಿದರೆ 91. ನೋಡಲು ಅವಿಭಾಜ್ಯದ ಹಾಗೇ ಇದೆ, ಆದರೆ ಅದು 7×13. ಉತ್ತರ 37.

ನಿಮ್ಮ 51ಕ್ಕೆ ಬಂದರೆ, ಅಂಕಿಗಳ ಮೊತ್ತ 5+1=6, ಅದು 3ರಿಂದ ಭಾಗವಾಗುತ್ತದೆ, ಹಾಗಾಗಿ 51 ಕೂಡ ಭಾಗವಾಗುತ್ತದೆ: 3×17. 53ನ್ನು 2, 3, 5, 7ರಿಂದ ಭಾಗಿಸಿ ನೋಡಿದರೆ ಸಾಕು. 8×8 ಆಗಲೇ 64. ಹಾಗಾಗಿ ಎರಡು ಸಂಖ್ಯೆ ಗುಣಿಸಿ 53 ಬರಬೇಕಾದರೆ ಒಂದಾದರೂ 8ಕ್ಕಿಂತ ಚಿಕ್ಕದಿರಲೇಬೇಕು. ಇದನ್ನು ಹೇಳದೆ ಬಿಟ್ಟರೆ ಮಕ್ಕಳು 52ರವರೆಗೂ ಭಾಗಿಸುತ್ತಾ ಕೂರುತ್ತಾರೆ.

ಪ್ರಶ್ನೆ ಕೇಳಿದವರು: ನಾಣ್ಯದಾಟ ಆಡಿದೆವು. ‘ಒಂದೇ ಚುಕ್ಕಿ, ಹಾಗಾದರೆ 1 ಬೇರೆಯೇ’ ಅಂತ ಅವಳೇ ಅಂದಳು! ಈಗ 100ರೊಳಗೆ ಸಾಲಾಗಿ ಏಳು ಸಂಯುಕ್ತ ಸಂಖ್ಯೆ ಎಲ್ಲಿ ಬರುತ್ತವೆ ಅಂತ ಹುಡುಕಲು ಕೊಟ್ಟಿದ್ದೇನೆ. 90ರಿಂದ 96, ಇನ್ನೂ ಅವಳಿಗೆ ಸಿಕ್ಕಿಲ್ಲ.