ಎಳೆಯುವುದೂ ಬಿಡಿಸುವುದೂ ಒಂದೇ ಅಲ್ಲ: ಹಿಂಬದಿ ಬಂಪರ್ ಕೈಪಿಡಿಗೆ ಕೆಲವು ಪದಗಳು ಬೇಕಾಗಿವೆ

ಪದಬಲ್ಲವರೆಲ್ಲರಿಗೂ ನಮಸ್ಕಾರ.

ಆಫ್ ರೋಡ್ ವಾಹನದ ಹಿಂಬದಿ ಬಂಪರ್ ಬಿಚ್ಚಿ, ಅದರ ಜಾಗದಲ್ಲಿ ಉಕ್ಕಿನ ಗಟ್ಟಿ ಬಂಪರ್ ಕೂಡಿಸುವ ಬಗೆಯನ್ನು ತಿಳಿಸುವ ಕೈಪಿಡಿಯೊಂದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ನಟ್, ಬೋಲ್ಟ್, ವಾಷರ್, ಬ್ರಾಕೆಟ್, ಸೆನ್ಸರ್ ಇವೆಲ್ಲ ಇದ್ದಂತೆಯೇ ಇರಲಿ. ಅವಕ್ಕೆ ಕನ್ನಡ ಹುಡುಕಿ ಓದುಗರನ್ನು ದಣಿಸುವ ಆಸೆ ನನಗಿಲ್ಲ. ‘ಬಂಪರ್’ ಕೂಡ ಹಾಗೆಯೇ. ಬೆಳೆಗೂ ಬಹುಮಾನಕ್ಕೂ ಪತ್ರಿಕೆಗಳು ಆ ಪದವನ್ನು ಅಂಟಿಸಿಬಿಟ್ಟಿರುವುದರಿಂದ ‘ಬಂಪರ್ ಬದಲಾವಣೆ’ ಎಂಬ ತಲೆಬರಹ ಲಾಟರಿ ಸುದ್ದಿಯಂತೆ ಕಾಣುತ್ತದೆ, ಅಷ್ಟೇ. ನನ್ನ ತೊಡಕು ಬೇರೆಯ ಕಡೆ ಇದೆ.

‘ಅಪ್‌ಗ್ರೇಡ್’ ಎಂಬುದಕ್ಕೆ ‘ಮೇಲ್ದರ್ಜೆಗೇರಿಸು’ ಎಂದು ಬರೆದರೆ ಸರ್ಕಾರಿ ಆದೇಶ ಓದಿದಂತಾಗುತ್ತದೆ. ಅದಕ್ಕಿಂತ ಹೆಚ್ಚಾಗಿ, ಅರ್ಥವೇ ಪೂರ್ತಿ ಹೊಂದುವುದಿಲ್ಲ. ಕಾರ್ಖಾನೆಯಿಂದ ಬರುವ ಬಂಪರ್ ಹೊರಗೆ ಪ್ಲಾಸ್ಟಿಕ್ ಹೊದಿಕೆ, ಒಳಗೆ ಫೋಮ್, ಅದರ ಹಿಂದೆ ಒಂದು ತೊಲೆ. ಗುದ್ದಿದಾಗ ತಾನು ನಜ್ಜಾಗಿ ಪೆಟ್ಟನ್ನು ನುಂಗಿಕೊಳ್ಳುವುದು ಅದರ ಕೆಲಸ. ಗಟ್ಟಿ ಬಂಪರ್ ದಪ್ಪ ತಗಡನ್ನು ಮಡಿಸಿ ಬೆಸೆದು ನೇರವಾಗಿ ಚಾಸಿಗೆ, ಅಂದರೆ ವಾಹನದ ಅಡಿಯ ಚೌಕಟ್ಟಿಗೆ, ಬಿಗಿಯುವಂಥದ್ದು. ಬಂಡೆಗೆ ತಾಗಿದರೂ ನಜ್ಜಾಗುವುದಿಲ್ಲ, ಆದ್ದರಿಂದಲೇ ಪೆಟ್ಟನ್ನು ಚಾಸಿಗೆ ದಾಟಿಸುತ್ತದೆ. ಜೊತೆಗೆ ಹಿಂದಿನ ಅಚ್ಚಿನಿಂದಲೂ ಹಿಂದೆ ಅಷ್ಟೊಂದು ತೂಕ ಜೋತುಬಿದ್ದರೆ ಮುಂದಿನ ಚಕ್ರಗಳ ಮೇಲಿನ ಭಾರ ಸ್ವಲ್ಪ ತಗ್ಗುತ್ತದೆ. ಒಂದನ್ನು ಪಡೆದು ಇನ್ನೊಂದನ್ನು ಬಿಟ್ಟುಕೊಡುವ ವ್ಯವಹಾರವಿದು. ಹಾಗಾಗಿ ‘ಗಟ್ಟಿ ಬಂಪರ್‌ಗೆ ಬದಲಾಯಿಸುವುದು’ ಎಂದೇ ಬರೆದಿದ್ದೇನೆ. ಆಕ್ಷೇಪ ಇದ್ದವರು ತಿಳಿಸಿ.

ಮುಂದಿನದು ಕೋನಗಳ ವಿಷಯ. ಹಿಂಚಕ್ರದ ಟೈರನ್ನು ಸವರಿಕೊಂಡು ಹೋಗಿ ವಾಹನದ ಹಿಂಬದಿಯ ತಗ್ಗಿನ ಭಾಗವನ್ನು ಮುಟ್ಟುವ ಗೆರೆ ನೆಲದೊಡನೆ ಮಾಡುವ ಕೋನವನ್ನು ಇಂಗ್ಲಿಷಿನಲ್ಲಿ ಡಿಪಾರ್ಚರ್ ಆ್ಯಂಗಲ್ ಎನ್ನುತ್ತಾರೆ. ಬಂಪರ್ ಬದಲಾಯಿಸುವವರಲ್ಲಿ ಹಲವರ ಉದ್ದೇಶವೇ ಇದನ್ನು ಹೆಚ್ಚಿಸಿಕೊಳ್ಳುವುದು; ಗಟ್ಟಿ ಬಂಪರ್‌ನ ಮೂಲೆಗಳು ಮೇಲಕ್ಕೆ ಓರೆಯಾಗಿ ಕತ್ತರಿಸಿದಂತೆ ಇರುವುದು ಇದಕ್ಕಾಗಿ. ‘ನಿರ್ಗಮನ ಕೋನ’ ಎಂದರೆ ಬಸ್ ನಿಲ್ದಾಣದ ಬಾಗಿಲಿನ ಫಲಕ ಕಣ್ಣಿಗೆ ಬರುತ್ತದೆ. ಗೆಳೆಯರೊಬ್ಬರು ‘ಇಳಿಕೋನ’ ಸೂಚಿಸಿದರು. ಕಿವಿಗೆ ಹಿತವಾಗಿದೆ, ಆದರೆ ಸರಿಯಲ್ಲ. ಇಳಿಜಾರು ಮುಗಿದು ಸಮನೆಲ ತಲುಪುವಾಗ ಬಾಲ ನೆಲಕ್ಕೆ ತಾಗುವುದು ನಿಜ. ಸಮನೆಲದಿಂದ ಏರು ಹಿಡಿಯುವಾಗಲೂ, ಮೂತಿ ಮೇಲೆದ್ದು ಹಿಂಚಕ್ರ ಏರಿನ ಬುಡಕ್ಕೆ ಬಂದ ಕ್ಷಣದಲ್ಲಿ, ಅದೇ ಬಾಲ ಅದೇ ರೀತಿ ತಾಗುತ್ತದೆ. ಏರಿಗೂ ಇಳಿತಕ್ಕೂ ಸಲ್ಲುವ ಕೋನಕ್ಕೆ ಒಂದರ ಹೆಸರಿಟ್ಟರೆ ಓದುಗ ಇನ್ನೊಂದನ್ನು ಮರೆತಾನು. ನನ್ನ ಸೂಚನೆ: ಮುಂಚಕ್ರದ ಮುಂದೆ ಇರುವ ಇಂಥದೇ ಕೋನಕ್ಕೆ (ಅಪ್ರೋಚ್ ಆ್ಯಂಗಲ್) ‘ಮುಂಗೋನ’, ಇದಕ್ಕೆ ‘ಹಿಂಗೋನ’. ಕೋನ ಸಂಸ್ಕೃತದ್ದು, ಗಕಾರ ಹೇಗೆ ಬಂತು ಎಂದು ಕೇಳುವವರಿಗೆ ‘ಮುಂಗೋಪ’ ಉತ್ತರ. ಎರಡು ಅಚ್ಚುಗಳ ನಡುವೆ ಹೊಟ್ಟೆ ದಿಬ್ಬಕ್ಕೆ ತಾಗದಂತೆ ಕಾಯುವ ಮೂರನೆಯ ಕೋನಕ್ಕೆ ‘ನಡುಗೋನ’ ಎನ್ನಬಹುದೇ? ನನಗೇ ಅದು ‘ನಡುಗು’ವಂತೆ ಕೇಳಿಸುತ್ತದೆ.

ಸಣ್ಣವು ಕೆಲವು ಇವೆ. ಬೋಲ್ಟುಗಳನ್ನೆಲ್ಲ ಮೊದಲು ಬೆರಳಿನಿಂದ ತಿರುಗಿಸುವಷ್ಟು ಮಾತ್ರ ಬಿಗಿದು, ಬಂಪರ್‌ನ ಓರೆಕೋರೆ ಸರಿಪಡಿಸಿ, ಆಮೇಲೆ ಗೊತ್ತುಪಡಿಸಿದಷ್ಟೇ ಬಿಗಿಯುವ ಟಾರ್ಕ್ ರೆಂಚ್ ಹಿಡಿಯಬೇಕು. ಆ ಮೊದಲ ಹಂತಕ್ಕೆ ‘ಬೆರಳುಬಿಗಿ’ ಎಂದಿದ್ದೇನೆ. ‘ಕೈಬಿಗಿ’ ಎಂದರೆ ಜಿಪುಣತನವಾಗುತ್ತದೆ. ದೊಡ್ಡ ಟೈರಿನ ತೂಕವನ್ನು ಹಿಂಬಾಗಿಲಿನ ಕೀಲುಗಳು ತಾಳಲಾರವೆಂದು ಸ್ಟೆಪ್ನಿಯನ್ನು ಬಂಪರಿಗೇ ಕೂಡಿಸಿದ, ಬಾಗಿಲಿನಂತೆ ಹೊರಳುವ ತೋಳಿಗೆ ವರ್ಗಾಯಿಸುತ್ತಾರೆ. ಅದು ‘ಸ್ಟೆಪ್ನಿ ತೋಳು’, ಅದನ್ನು ಹಿಡಿದಿಡುವುದು ‘ಚಿಲಕ’. ಅಂದ ಹಾಗೆ ಸ್ಟೆಪ್ನಿ ಎಂಬುದು ವೇಲ್ಸ್‌ನ ಲಾನೆಲಿಯಲ್ಲಿರುವ ಬೀದಿಯ ಹೆಸರು. 1904ರಲ್ಲಿ ಅಲ್ಲಿ ಹುಟ್ಟಿದ ಬಿಡಿಚಕ್ರಕ್ಕೆ ಅಂಟಿಕೊಂಡ ಆ ಹೆಸರನ್ನು ನಾವು ಇಂದಿಗೂ ದಿನವೂ ಬಳಸುತ್ತಿದ್ದೇವೆ. ಇಂಥ ಪದವನ್ನು ಬದಲಿಸಲು ಹೊರಡುವುದು ವ್ಯರ್ಥ.

ಇನ್ನು ನಿಜವಾದ ಕಗ್ಗಂಟು. ಬಂಪರ್‌ನ ಹಿಂದೆ ಹಗ್ಗ ಸಿಕ್ಕಿಸುವ ಸಂದರ್ಭಗಳು ಎರಡು. ಒಂದು, ಚಕ್ರದ ಮೇಲೆ ಉರುಳಿಬರುವ ಟ್ರೇಲರನ್ನೋ ಕೆಟ್ಟುನಿಂತ ವಾಹನವನ್ನೋ ಒಂದೇ ಹದದಲ್ಲಿ ಕರೆದೊಯ್ಯುವುದು. ಇನ್ನೊಂದು, ಕೆಸರಿನಲ್ಲಿ ಅಚ್ಚಿನವರೆಗೆ ಹೂತ ವಾಹನವನ್ನು ಈಚೆಗೆ ತೆಗೆಯುವುದು. ಎರಡನೆಯದಕ್ಕೆ ಬಳಸುವ ನೈಲಾನ್ ಹಗ್ಗ ಸುಮಾರು ಶೇ. 30ರವರೆಗೆ ಹಿಗ್ಗಿ, ಆಗ ಕೂಡಿಟ್ಟುಕೊಂಡ ಶಕ್ತಿಯಿಂದ ಹೂತ ವಾಹನವನ್ನು ಈಚೆಗೆ ತರುತ್ತದೆ. ಟ್ರೇಲರ್ ಸಿಕ್ಕಿಸುವ 50 ಮಿ.ಮೀ. ಉಕ್ಕಿನ ಗುಂಡಿನ (ಟೋ ಬಾಲ್) ಮೇಲೆ ಈ ಹಗ್ಗ ಹಾಕಿದರೆ ಗುಂಡಿನ ಕತ್ತು ಮುರಿದು ಅದು ಹಾರಿಬರಬಹುದು, ಹೀಗೆ ಸತ್ತವರಿದ್ದಾರೆ. ‘ಗುಂಡು’ ಎಂಬ ಹೆಸರು ಆಗ ತನ್ನ ಇನ್ನೊಂದು ಅರ್ಥಕ್ಕೆ ತಕ್ಕಂತೆ ನಡೆದುಕೊಳ್ಳುತ್ತದೆ. ಎಳೆತದ ಕೆಲಸಕ್ಕೆ ಗುಂಡು, ಹೂತದ್ದನ್ನು ತೆಗೆಯುವುದಕ್ಕೆ ಚಾಸಿಗೆ ಭದ್ರವಾಗಿ ಕೂಡಿಸಿದ, ತೂತಿರುವ ದಪ್ಪ ಕಿವಿ ಮತ್ತು ಅದರೊಳಗೆ ಶ್ಯಾಕಲ್ ಎಂಬ ಉಕ್ಕಿನ ಕೊಂಡಿ: ಕೈಪಿಡಿಯ ಅತಿ ಮುಖ್ಯ ವಾಕ್ಯ ಇದೇ. ಆದರೆ ಕನ್ನಡದಲ್ಲಿ ಎರಡಕ್ಕೂ ‘ಎಳೆ’ ಎಂದೇ ಹೇಳುತ್ತೇವೆ. ‘ಎಳೆಯಲು ಗುಂಡನ್ನು ಬಳಸಬೇಡಿ’ ಎಂದು ಬರೆದರೆ ‘ಮತ್ತೆ ಅದಿರುವುದೇಕೆ?’ ಎಂದು ಓದುಗ ಕೇಳುತ್ತಾನೆ, ನ್ಯಾಯವಾಗಿಯೇ.

ನಿಘಂಟು ಇಲ್ಲಿ ನೆರವಿಗೆ ಬರುವುದಿಲ್ಲ. ಹೂತದ್ದನ್ನು ತೆಗೆಯುವ ಕೆಲಸಕ್ಕೆ ಇಂಗ್ಲಿಷಿನಲ್ಲಿರುವ ‘ರಿಕವರಿ’ಗೆ ‘ಚೇತರಿಕೆ’ ಎಂದರೆ ಆಸ್ಪತ್ರೆ, ‘ವಸೂಲಿ’ ಎಂದರೆ ಬ್ಯಾಂಕು. ‘ಶ್ಯಾಕಲ್’ಗೆ ‘ಸಂಕೋಲೆ’ ಎಂದಿದೆ, ಸೆರೆಮನೆ. ಮುಕ್ಕಾಲು ಇಂಚಿನ ಶ್ಯಾಕಲ್ ಮೇಲೆ 4.75 ಟನ್ ಎಂದು ಅಚ್ಚೊತ್ತಿರುವುದು ಅದು ಮುರಿಯುವ ಭಾರವಲ್ಲ, ಬಳಕೆಯಲ್ಲಿ ಹೊರಿಸಬಹುದಾದ ಭಾರ. ಆ ಎರಡಕ್ಕೆ ‘ಹೊರೆಮಿತಿ’, ‘ಮುರಿಮಿತಿ’ ಎಂದು ಹೇಗೋ ಬಿಡಿಸಿಕೊಂಡೆ. ‘ಎಳೆ’ಯ ಜೋಡಿ ಮಾತ್ರ ಸಿಗುತ್ತಿಲ್ಲ.

‘ಜಗ್ಗು’ ನನ್ನ ಮೊದಲ ಆಯ್ಕೆಯಾಗಿತ್ತು. ನಮ್ಮ ಬಳಕೆಯಲ್ಲಿ ಅದಕ್ಕೆ ಒಮ್ಮೆಲೇ ಬಲ ಹಾಕುವ ಅರ್ಥವಿದೆ, ‘ಹಗ್ಗಜಗ್ಗಾಟ’ ಎಲ್ಲರಿಗೂ ಗೊತ್ತು. ‘ಎಳೆಗುಂಡು’ ಮತ್ತು ‘ಜಗ್ಗುಕಿವಿ’ ಎಂದು ಬರೆದೂ ನೋಡಿದೆ. ಆದರೆ ‘ಯಾರಿಗೂ ಜಗ್ಗದವನು’ ಎಂಬ ಮಾತಿನಲ್ಲಿ ಜಗ್ಗುವುದೆಂದರೆ ಬಾಗುವುದು, ಸೋಲುವುದು. ಹಾಗೆ ಓದಿದರೆ ‘ಜಗ್ಗುಕಿವಿ’ ಭಾರಕ್ಕೆ ಬಗ್ಗುವ ಕಿವಿಯಾಗುತ್ತದೆ, ಬೇಕಾದ್ದಕ್ಕೆ ತೀರಾ ವಿರುದ್ಧ. ಉತ್ತರದ ಜಿಲ್ಲೆಗಳಲ್ಲಿ ‘ಜಗ್ಗು’ ಎಂದರೆ ಬರಿಯ ಎಳೆಯುವುದೇ ಎಂದಾದರೆ ನನ್ನ ಭೇದವೇ ಅಲ್ಲಿ ನಿಲ್ಲುವುದಿಲ್ಲ. ಸದ್ಯಕ್ಕೆ ‘ಬಿಡಿಸುಕಿವಿ’ ಎಂದು ಇಟ್ಟಿದ್ದೇನೆ: ಸಿಕ್ಕಿಬಿದ್ದುದನ್ನು ಬಿಡಿಸುವ ಕಿವಿ. ಅಪಾಯದ ಎಚ್ಚರಿಕೆ ಈ ಪದದಲ್ಲಿಲ್ಲ, ಆದರೆ ಎಳೆಯುವುದರೊಡನೆ ಗೊಂದಲವಂತೂ ಆಗದು.

ಉತ್ತರದ ಜಿಲ್ಲೆಗಳ ಸದಸ್ಯರಲ್ಲಿ ನನ್ನ ಪ್ರಶ್ನೆ: ಹೂತುಹೋದ ಬಂಡಿಯನ್ನು ಹಗ್ಗ ಹಾಕಿ ತೆಗೆಯುವಾಗ ನೀವು ಯಾವ ಕ್ರಿಯಾಪದ ಬಳಸುತ್ತೀರಿ, ಮತ್ತು ಓಡುವ ಬಂಡಿಯ ಹಿಂದೆ ಇನ್ನೊಂದನ್ನು ಕಟ್ಟಿಕೊಂಡು ಹೋಗುವಾಗಲೂ ಅದನ್ನೇ ಹೇಳುತ್ತೀರೋ?